ಯುದ್ಧದ ರಾತ್ರಿಪಾಳಿಗೆ ಹೊರಟ ಮಗಳಿಗೆ

ವಾಸ್ಕೊ, ಗೋವಾ

ಚಿರಂಜೀವಿ ಮಗಳೇ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಮುಂಬೈಯಲ್ಲಿ ಸುದ್ದಿ ಚಾನೆಲ್ಲಿನ ಡೆಸ್ಕ್ ಸೇರಿದೆಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬಹಳ ಸಂತೋಷವಾಯಿತು. ಗಡಿಯಲ್ಲಿ ಗುಂಡು ಹಾರಿದ ದಿನ ನಿನ್ನ ಕೆಲಸ ಹೇಗಿರುತ್ತದೆ ಎಂಬುದನ್ನು ಈಗಲೇ ಹೇಳಬೇಕೆನಿಸಿತು. ಆ ದಿನ ಬಂದ ಮೇಲೆ ಯೋಚಿಸಲು ಪುರುಸೊತ್ತು ಸಿಗುವುದಿಲ್ಲ.

ಗೋವೆಯ ಹಳಬರನ್ನು ಕೇಳು. ಪೋರ್ಚುಗೀಸರ ಕಾಲದಲ್ಲಿ ಮದುವೆಯ ಕರೆಯೋಲೆಗೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತು. 1961ರ ಡಿಸೆಂಬರಿನಲ್ಲಿ ನಮ್ಮ ಸೇನೆ ಬರುವ ಮುನ್ನ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಲಿಸ್ಬನ್ನಿನಿಂದ ಕಳಿಸಿದ ಆಜ್ಞೆಯಲ್ಲಿ ಶರಣಾಗತಿಯ ಮಾತೇ ಇರಲಿಲ್ಲ, ಗೆಲ್ಲಬೇಕು ಇಲ್ಲವೇ ಸಾಯಬೇಕು. ಗವರ್ನರ್ ವಸ್ಸಾಲೊ ಇ ಸಿಲ್ವಾ 19ರಂದು ಶರಣಾಗಿ ಸಾವಿರಾರು ಜೀವ ಉಳಿಸಿದರು. ಊರಿಗೆ ಮರಳಿದ ಅವರನ್ನು ಸೇನೆಯಿಂದಲೇ ಹೊರಹಾಕಿದರು. ಹಾಗೆ ಎದುರಿಗೇ ಕಾಣುವ ಸೆನ್ಸಾರನ್ನು ಗುರುತಿಸುವುದು ಸುಲಭ.

ನಿನ್ನ ಕಾಲದ್ದು ಬೇರೆ. ಸರ್ಕಾರದಿಂದ ಫೋನೇ ಬರಬೇಕೆಂದಿಲ್ಲ. ಪಕ್ಕದ ಕುರ್ಚಿಯವನೇ ಕೇಳುತ್ತಾನೆ, "ಎದುರಿನ ಚಾನೆಲ್ ಆಗಲೇ ಹಾಕಿದೆ, ನಿನಗೇನು ಅನುಮಾನ? ದೇಶದ ಮೇಲೆ ಅಭಿಮಾನ ಇಲ್ಲವಾ?" ಅಲ್ಲಿಗೆ ಕೈ ತಾನಾಗಿ ಟೈಪ್ ಮಾಡುತ್ತದೆ. ಪಾಕಿಸ್ತಾನದ ಜೊತೆ ಸಂಘರ್ಷ ನಡೆದಿದ್ದ 2025ರ ಮೇ 8ರ ರಾತ್ರಿ ಹೀಗೆಯೇ ಆಯಿತು. ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿತೆಂದು ಎಷ್ಟೋ ಚಾನೆಲ್ಲುಗಳು ಕೂಗಿದವು. ಬೆಳಗಾದರೆ ಬಂದರು ಇದ್ದಲ್ಲೇ ಇತ್ತು. ಅದಕ್ಕಿಂತ ನನ್ನ ಹೊಟ್ಟೆ ಉರಿದದ್ದು ಜಮ್ಮುವಿನ ಗಡಿ ಜಿಲ್ಲೆ ಪೂಂಛ್‌ನ ಸುದ್ದಿಗೆ. ಪಾಕಿಸ್ತಾನದ ಶೆಲ್ ಬಿದ್ದು ಸತ್ತ ಮದರಸಾ ಮೇಷ್ಟ್ರನ್ನು ಕೆಲವು ಚಾನೆಲ್ಲುಗಳು ಉಗ್ರನೆಂದು ತೋರಿಸಿದವು. ಅದು ಸುಳ್ಳೆಂದು ಪೊಲೀಸರೇ ಹೇಳಬೇಕಾಯಿತು. ಹೆಣದ ಮುಂದೆ ಕೂತ ಹೆಂಡತಿ ಮಕ್ಕಳು ಟಿವಿಯಲ್ಲಿ ಅದನ್ನು ಕೇಳಬೇಕೇ? ಶತ್ರುವಿನ ಗುಂಡಿಗೆ ಸತ್ತ ನಮ್ಮವನಿಗೆ ನಾವೇ ಆ ಹೆಸರು ಕೊಟ್ಟೆವಲ್ಲ.

ಎಲ್ಲವನ್ನೂ ಹೇಳಿಬಿಡು ಎನ್ನುತ್ತಿಲ್ಲ. 2008ರಲ್ಲಿ ನಿನ್ನ ಮುಂಬೈಯಲ್ಲೇ ಕಮಾಂಡೊಗಳ ಚಲನವಲನ ನೇರ ಪ್ರಸಾರವಾಯಿತು. ಪಾಕಿಸ್ತಾನದಲ್ಲಿ ಕೂತವರು ಟಿವಿ ನೋಡುತ್ತ ಫೋನಿನಲ್ಲಿ ದಾಳಿಕೋರರಿಗೆ ದಾರಿ ಹೇಳಿದರು. ಸುಪ್ರೀಂ ಕೋರ್ಟ್ 2012ರಲ್ಲಿ ಚಾನೆಲ್ಲುಗಳನ್ನು ಕಟುವಾಗಿ ಟೀಕಿಸಿತು. ಈಗ ಅಂಥ ಕಾರ್ಯಾಚರಣೆಯ ನೇರ ಪ್ರಸಾರಕ್ಕೆ ನಿಯಮದಲ್ಲೇ ನಿಷೇಧವಿದೆ, ಅದನ್ನು ಚಾಚೂ ತಪ್ಪದೆ ಪಾಲಿಸು. ಪಡೆ ಎಲ್ಲಿದೆ ಎಂಬುದನ್ನು ಬಾಯಿಬಿಡದಿರುವುದು ನಿನ್ನ ಕರ್ತವ್ಯ. ಇಲ್ಲದ ಗೆಲುವನ್ನು ಹೇಳು ಎಂದು ಯಾವ ಸೈನಿಕನೂ ಕೇಳುವುದಿಲ್ಲ. ಮರುದಿನದ ನಿಜವಾದ ಗೆಲುವನ್ನೂ ಜನ ನಂಬದಂತಾದರೆ ನಷ್ಟ ಅವನಿಗೇ.

ಅಮೆರಿಕದಲ್ಲೂ ಇದೇ ಕಥೆ. ಇರಾಕ್ ಬಳಿ ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳಿವೆ ಎಂದು ಯುದ್ಧಕ್ಕೆ ಮುನ್ನ ಬರೆದ ತನ್ನ ವರದಿಗಳಲ್ಲಿ ಬೇಕಾದಷ್ಟು ಬಿಗಿ ಇರಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಪ್ಪಿಕೊಂಡದ್ದು 2004ರ ಮೇನಲ್ಲಿ. ಅಷ್ಟರಲ್ಲಿ ಯುದ್ಧ ಶುರುವಾಗಿ ವರ್ಷ ದಾಟಿತ್ತು.

ಆದ್ದರಿಂದ ಮಗಳೇ, ಯಾರು ಹೇಳಿದರೆಂದು ಮೊದಲ ಸಾಲಿನಲ್ಲೇ ಬರೆ. "ಮೂಲಗಳ ಪ್ರಕಾರ" ಎಂದು ಯಾರಾದರೂ ತಂದರೆ ಆ ಮೂಲಕ್ಕೆ ಕಣ್ಣಾರೆ ಕಾಣುವ ಅವಕಾಶ ಇತ್ತೇ ಎಂದು ಕೇಳು. ಸತ್ತವರ ಹೆಸರಿನ ಜೊತೆ ಯಾವ ಆರೋಪವನ್ನೂ ಆ ಜಿಲ್ಲೆಯ ಪೊಲೀಸರನ್ನು ವಿಚಾರಿಸದೆ ಸೇರಿಸಬೇಡ. ಹತ್ತು ನಿಮಿಷ ಹಿಂದೆ ಬಿದ್ದರೆ ಬೀಳಲಿ. ಅದಕ್ಕಾಗಿ ಯಾರಾದರೂ ನಿನ್ನನ್ನು ದೇಶದ್ರೋಹಿ ಎಂದರೆ, ಅದು ಎಷ್ಟು ಹೊತ್ತಿನ ರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ