ಪಡಸಾಲೆಯ ಬಣ್ಣದ ಮೂಲೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಪುಟ್ಟ ಮಕ್ಕಳು ಬಂದು ಚಿತ್ರ ಬಿಡಿಸಲೆಂದು ಪಡಸಾಲೆಗೆ ಸುಣ್ಣ ಹೊಡೆಸಿ, ಕಪಾಟಿನ ತುಂಬ ಸಾಮಾನು ಜೋಡಿಸಿದ್ದೀಯ. 48 ಬಣ್ಣದ ಕ್ರೆಯಾನ್ ಡಬ್ಬಿಗಳು, ನವಿಲಿನ ಗೆರೆ ಅಚ್ಚು ಹಾಕಿದ ಬಣ್ಣ ತುಂಬುವ ಪುಸ್ತಕಗಳು. ಹನ್ನೆರಡು ಮಕ್ಕಳಿಗೆ ಇಷ್ಟೆಲ್ಲ ಯಾಕೆ ಎಂದು ನಿನ್ನ ದೊಡ್ಡಪ್ಪ ಕೇಳಿದರು. ಅವರ ಕಣ್ಣಿಗೆ ಎಲ್ಲವೂ ದಂಡದ ಖರ್ಚೇ. ಆದರೆ ಈ ಸಲ ನನಗೂ ಹಾಗೆಯೇ ಅನಿಸಿತು.

ಮೂರು ವರ್ಷದ ಮಗುವಿನ ಮುಂದೆ 48 ಬಣ್ಣ ಇಟ್ಟರೆ ಅದು ಡಬ್ಬಿಯನ್ನು ಬೋರಲು ಹಾಕುತ್ತದೆ, ಮತ್ತೆ ತುಂಬುತ್ತದೆ, ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನೀನು ನೋಡಿದ್ದೀಯಲ್ಲ? ಕೆಮ್ಮಣ್ಣು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಒಂದಿಷ್ಟು ಹಳದಿ, ಕುಂಚಕ್ಕೆ ಪುಂಡಿನಾರು. ಇಷ್ಟರಲ್ಲೇ ಮದುವೆಯ ಗೋಡೆ ತುಂಬುತ್ತದೆ. ನೀನು ಮೊದಲ ವಾರ ಹಳದಿ ಒಂದನ್ನೇ ಕೊಡು. ಮುಂದಿನ ವಾರ ಪಕ್ಕದಲ್ಲಿ ನೀಲಿ ಇಡು. ಹಸಿರು ಹುಟ್ಟಿದಾಗ ಅವರೇ ಕೂಗಿಕೊಳ್ಳಲಿ, ಮೊದಲೇ ಹೇಳಿ ಆ ಸಂತೋಷವನ್ನು ಕಿತ್ತುಕೊಳ್ಳಬೇಡ.

ಕ್ರೆಯಾನ್‌ಗಳ ಕಾಗದ ಸುಲಿದು ಹೆಬ್ಬೆರಳಿನ ಗೆಣ್ಣಿನಷ್ಟು ತುಂಡು ಮಾಡು. ಹೊಸ ಸಾಮಾನು ಮುರಿಯಲು ಜೀವ ಒಪ್ಪುವುದಿಲ್ಲ, ನನಗೆ ಗೊತ್ತು. ಉದ್ದನೆಯ ಕಡ್ಡಿಯನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ತುಂಡಾದರೆ ಬೆರಳ ತುದಿಗಳಿಂದ ಹಿಡಿಯದೆ ಬೇರೆ ದಾರಿಯಿಲ್ಲ, ಮುಂದೆ ಅಕ್ಷರ ಬರೆಯುವಾಗ ಬೇಕಾಗುವ ಹಿಡಿತವೂ ಅದೇ. ಅರಳಿ ಎಲೆಯ ಬೆನ್ನಿನ ಮೇಲೆ ತೆಳು ಕಾಗದ ಹಾಸಿ, ಆ ತುಂಡನ್ನು ಅಡ್ಡ ಮಲಗಿಸಿ ಉಜ್ಜಿದರೆ ನರಗಳೆಲ್ಲ ಒಂದೊಂದಾಗಿ ಮೇಲೇಳುತ್ತವೆ. ಅದನ್ನು ಮೊದಲ ಸಲ ಕಂಡ ಮಗುವಿನ ಮುಖ ನೋಡಬೇಕು.

ಕುಂಚ ಅದ್ದುವ ನೀರಿಗೆ ತಳ ಅಗಲವಾದ ಸ್ಟೀಲ್ ಬಟ್ಟಲು ಇಡು, ಕಾಲು ಭಾಗ ತುಂಬಿದರೆ ಸಾಕು. ಒರೆಸುವ ಬಟ್ಟೆ ಮಕ್ಕಳ ಕೈಗೆಟುಕುವ ಮೊಳೆಯಲ್ಲಿರಲಿ, ಚೆಲ್ಲಿದವರು ತಾವೇ ಒರೆಸುತ್ತಾರೆ. ಅಪ್ಪನ ಹಳೆಯ ಅಂಗಿಯನ್ನು ಗುಂಡಿ ಬೆನ್ನಿಗೆ ಬರುವಂತೆ ತೊಡಿಸಿದರೆ ತಾಯಂದಿರ ದೂರು ಅರ್ಧಕ್ಕರ್ಧ ಕಡಿಮೆ. ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಬೆನ್ನು ಇದೆ. ಬಿಡಿಸಿದ ಚಿತ್ರಗಳನ್ನು ಗೋಡೆಗೆ ಅಂಟಿಸುವಾಗ ನಿನ್ನ ಸೊಂಟದ ಮಟ್ಟದಲ್ಲಿ ಅಂಟಿಸು. ನೋಡಬೇಕಾದವರ ಕಣ್ಣು ಇರುವುದು ಅಲ್ಲಿ.

ಅಂಟನ್ನು ಮನೆಯಲ್ಲೇ ಮೈದಾ ಕಾಯಿಸಿ ಮಾಡಿಕೋ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಾರೆ, ನೀನು ಹಾಕಬೇಡ, ಅದು ವಿಷ. ಎರಡು ದಿನಕ್ಕೆ ಕೆಟ್ಟರೆ ಕೆಡಲಿ, ಮತ್ತೆ ಕಾಯಿಸು. ಕಾಳು ಅಂಟಿಸುವ ಆಟ ನಾಲ್ಕು ದಾಟಿದವರಿಗೆ ಮಾತ್ರ, ಅದೂ ನೀನು ಪಕ್ಕದಲ್ಲೇ ಕುಳಿತಾಗ. ಸಣ್ಣವರು ಮೂಗಿಗೆ ತುರುಕಿಕೊಳ್ಳುತ್ತಾರೆ. ಫೋಟೊದಲ್ಲಿ ಮೂರನೆಯ ಬಾಟಲಿಯಲ್ಲಿರುವುದು ಗುಲಗಂಜಿ ತಾನೇ? ಅದನ್ನು ಇವತ್ತೇ ತೆಗೆದುಬಿಡು. ಚಂದ ಎಷ್ಟೋ ಅಷ್ಟೇ ನಂಜು, ಅಗಿದರೆ ಪ್ರಾಣಕ್ಕೇ ಕುತ್ತು. ಹರಳು ಬೀಜವೂ ಬೇಡ.

ಇನ್ನು ಆ ನವಿಲಿನ ಪುಸ್ತಕಗಳು. ಅವುಗಳ ಬಗ್ಗೆ ಹೇಳುವ ಮೊದಲು ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಅಂಗನವಾಡಿಗೆ ಸೇರಿದ ಎರಡನೆಯ ವರ್ಷ ಒಬ್ಬಳು ಹುಡುಗಿ, ನಾಲ್ಕು ತುಂಬಿರಲಿಲ್ಲ, ಸ್ಲೇಟಿನ ಮೇಲೆ ದೊಡ್ಡ ಸೊನ್ನೆ ಸುತ್ತಿ, ಅದರಿಂದಲೇ ಎರಡು ಕಾಲು ಇಳಿಸಿ, "ಅಜ್ಜಿ" ಎಂದು ತೋರಿಸಿದಳು. ಅಜ್ಜಿಗೆ ಹೊಟ್ಟೆ ಎಲ್ಲಿ, ಕೈ ಎಲ್ಲಿ ಎಂದು ನಗುತ್ತಾ ಬಳಪ ಕಿತ್ತುಕೊಂಡು ನಾನೇ ಬರೆದುಕೊಟ್ಟೆ. ಸೆರಗು, ತುರುಬು ಎಲ್ಲವನ್ನೂ. ಮೇಲಧಿಕಾರಿ ಬರುವವರಿದ್ದರು, ಸ್ಲೇಟು ಚೆನ್ನಾಗಿ ಕಾಣಲಿ ಎಂಬ ಆಸೆಯೂ ಇತ್ತು. ಮರುದಿನದಿಂದ ಆ ಹುಡುಗಿ ಸ್ಲೇಟು ತಂದು ನನ್ನ ಮಡಿಲಲ್ಲಿಟ್ಟು "ನೀವೇ ಬರೀರಿ" ಎನ್ನತೊಡಗಿದಳು. ದೀಪಾವಳಿ ಕಳೆದರೂ ಅದೇ ಮಾತು. ಆ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳು ತಲೆಯಿಂದಲೇ ಕಾಲು ಇಳಿಸುತ್ತಾರೆ, ಹೊಟ್ಟೆ ತಾನಾಗಿ ಬರುತ್ತದೆ ಎಂದು ನನಗೆ ತಿಳಿಯುವಷ್ಟರಲ್ಲಿ ಅವಳು ಒಂದನೆಯ ತರಗತಿಗೆ ಹೋಗಿದ್ದಳು.

ಆ ಪುಸ್ತಕಗಳನ್ನು ಅಂಗಡಿಗೆ ಹಿಂದಿರುಗಿಸು. ಅಂಗಡಿಯವರು ತೆಗೆದುಕೊಳ್ಳದಿದ್ದರೆ, ಹಿಂಬದಿ ಖಾಲಿ ಇರುವ ಹಾಳೆಗಳನ್ನು ಬಳಸು. ಮಗು ಚಿತ್ರ ತಂದಾಗ "ಇದೇನು?" ಎಂದು ಕೇಳಬೇಡ, "ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂರು. ನಿನ್ನ ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡರೂ ತಪ್ಪಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ನಿನ್ನ ಹೊಲದ ಎರೆಮಣ್ಣು ಒಣಗುತ್ತಲೇ ಬಿರುಕು ಬಿಡುತ್ತದೆ, ಅದು ಬೇಡ. ಕೆರೆಯ ಜೇಡಿಮಣ್ಣನ್ನು ಸೋಸಿ, ಕಲಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಶನಿವಾರದ ಬಸ್ಸಿಗೆ ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ. ನಾವು ಚಿಕ್ಕವರಿದ್ದಾಗ ಎತ್ತಿನ ಕಣ್ಣಿಗೆ ಗುಲಗಂಜಿಯನ್ನೇ ಒತ್ತುತ್ತಿದ್ದೆವು, ನೀನು ಜೋಳದ ಕಾಳು ಕೊಡು. ಕೋಡು ಮುರಿದರೆ ನೀರು ಹಚ್ಚಿ ಕೂರಿಸುವುದನ್ನು ಒಮ್ಮೆ ಮಾತ್ರ ತೋರಿಸು. ಗೋಣಿತಟ್ಟನ್ನು ಮರೆಯದೆ ಹಿಂದಿರುಗಿಸು, ಅದು ನಿನ್ನ ದೊಡ್ಡಪ್ಪನದು.

ನಿನ್ನ ದೊಡ್ಡಮ್ಮ