ಹಳೆಯ ಕಾರಿನ ಫಲಕದಲ್ಲಿ ಪೂರ್ತಿ ಚರಿತ್ರೆ ಇರಲಿ

ಮಾನ್ಯರೇ,

ಮೈಸೂರಿನಲ್ಲಿ ಈಚೆಗೆ ನಡೆದ ಹಳೆಯ ಕಾರುಗಳ ಪ್ರದರ್ಶನದಲ್ಲಿ ಎಂಜಿ ಕಂಪನಿಯ ಎರಡು ಸೀಟಿನ ‘ಮಿಡ್ಜೆಟ್’ ಎಂಬ ಪುಟ್ಟ ಕಾರೊಂದು ನಿಂತಿತ್ತು. ‘ಬ್ರಿಟಿಷ್ ಮಿಡ್ಜೆಟ್ ರೇಸ್ ಕಾರು, 1932’ ಎಂದಷ್ಟೇ ಫಲಕದಲ್ಲಿತ್ತು. ಬಗ್ಗಿ ಮುಂದಿನ ಚಕ್ರದ ಹಿಂಬದಿ ನೋಡಿದೆ. ಬ್ರೇಕ್ ಡ್ರಮ್ಮಿನ ಹಿಂದಕ್ಕೆ ಆಯಿಲ್ ಪೈಪು ಬಂದು ಸೇರಿತ್ತು. 1932ರ ಮಿಡ್ಜೆಟ್‌ಗೆ ಇದ್ದದ್ದು ಕೇಬಲ್ ಬ್ರೇಕ್. ಮಿಡ್ಜೆಟ್‌ಗಳಿಗೆ ಆಯಿಲ್ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಬಂದದ್ದು 1936ರ ಟಿಎ ಮಾದರಿಯಿಂದ. ಛಾಸಿ (ಕಾರಿನ ತಳದ ಚೌಕಟ್ಟು) ನಂಬರು ಇರಬೇಕಾದ ಜಾಗಕ್ಕೆ ಪುಟ್ಟಿ ತುಂಬಿ, ಮೇಲೆ ಕೆಂಪು ಬಣ್ಣ ಹೊಡೆದಿದ್ದರು.

ಬ್ರೇಕ್ ಬದಲಾಯಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಇಂದಿನ ರಸ್ತೆಯಲ್ಲಿ ಗಾಡಿ ಓಡಿಸುವವರು ಜೀವ ನೋಡಿಕೊಳ್ಳಲೇಬೇಕು. ಲೇತ್ ಮುಂದೆ ನಿಂತು ಬದುಕು ಸಾಗಿಸಿದ ನಾನೂ ಇಂಥ ಎಷ್ಟೋ ಗಾಡಿಗಳಿಗೆ ಹೊಸ ಬುಷ್, ಪಿನ್ನುಗಳನ್ನು ಕಡೆದು ಕೊಟ್ಟಿದ್ದೇನೆ. ಬದಲಾದದ್ದನ್ನು ಮುಚ್ಚಿಡುವುದನ್ನು ಮಾತ್ರ ಒಪ್ಪಲಾರೆ.

ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬದಲಾವಣೆ ಎಂಬುದು ಹುಟ್ಟಿನಿಂದಲೇ ಬಂದದ್ದು. 1919ರಲ್ಲಿ ಶುರುವಾದ ಬೆಂಟ್ಲಿ ಕಂಪನಿ ಮಾರುತ್ತಿದ್ದದ್ದು ಛಾಸಿ, ಎಂಜಿನ್ನು, ಗೇರ್ ಬಾಕ್ಸ್. ಬಾಡಿಯನ್ನು ಗಿರಾಕಿಗಳು ಬೇರೆ ಕಡೆ ಕಟ್ಟಿಸಿಕೊಳ್ಳುತ್ತಿದ್ದರು. ಅದರ 3 ಲೀಟರ್ ಎಂಜಿನ್ನಿನಲ್ಲಿ ಬ್ಲಾಕು, ಹೆಡ್ಡು ಎರಡೂ ಒಂದೇ ಎರಕ, ಸಿಲಿಂಡರಿಗೆ ನಾಲ್ಕು ವಾಲ್ವು. ಅವೆರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟೇ ಬೇಕಿಲ್ಲದ್ದರಿಂದ ಅದು ಸುಡುವ ಮಾತೇ ಇಲ್ಲ. ಆದರೆ ವಾಲ್ವ್ ಉಜ್ಜಬೇಕೆಂದರೆ ಇಡೀ ಎರಕವನ್ನೇ ಎತ್ತಿ ಕೆಳಗಿಳಿಸಬೇಕು! ಅದನ್ನು ಮಾಡುತ್ತಿದ್ದ ಮೆಕ್ಯಾನಿಕ್‌ಗಳಿಗೆ ಕೈ ಮುಗಿಯಬೇಕು.

ಬೆಂಟ್ಲಿಯದೇ ‘ಓಲ್ಡ್ ನಂಬರ್ ಒನ್’ ಎಂಬ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸನ್ನು 1929ರಲ್ಲೂ 1930ರಲ್ಲೂ ಗೆದ್ದಿತು. ಎರಡೂ ಸಲ ಗೆದ್ದ ಜೋಡಿಯಲ್ಲಿ ವುಲ್ಫ್ ಬಾರ್ನಾಟೊ ಇದ್ದರು. ಮುಂದೆ ಅದಕ್ಕೆ 8 ಲೀಟರ್ ಎಂಜಿನ್ ಕೂರಿಸಿದರು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಕಾರು ಅಂಚು ದಾಟಿ ಉರುಳಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ಆಮೇಲೆ ಅದೇ ಗಾಡಿ ಕೂಪೆ, ಅಂದರೆ ಮೇಲ್ಛಾವಣಿ ಇರುವ ಬಾಡಿ ಹೊತ್ತುಕೊಂಡಿತು. 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಕೊಳ್ಳುವವರು ‘ಇದು ಆ ಕಾರೇ ಅಲ್ಲ’ ಎಂದು ತಕರಾರು ತೆಗೆದರು. ಯಾವ ಭಾಗ ಯಾವಾಗಿನದು ಎಂಬ ವಾದ ಲಂಡನ್ನಿನ ನ್ಯಾಯಾಲಯದಲ್ಲಿ ನಡೆಯಿತು. 1929ರ ಭಾಗಗಳು ಹೆಚ್ಚುಕಡಿಮೆ ಉಳಿದೇ ಇಲ್ಲವೆಂದು ನ್ಯಾಯಾಧೀಶರು ಒಪ್ಪಿದರು. ಆದರೂ ಬದಲಾವಣೆಗಳ ಸರಪಳಿ ಎಲ್ಲೂ ಕಡಿದಿಲ್ಲ, ಆ ಹೆಸರಿಗೆ ಬೇರೆ ಕಾರೂ ಇಲ್ಲ, ಆದ್ದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು. ಕಾರನ್ನು ಉಳಿಸಿದ್ದು ಅದರ ಚರಿತ್ರೆ.

ರೇಸಿನ ಕಾರುಗಳೆಂದೇ ಹುಟ್ಟಿದ ಇಂಗ್ಲೆಂಡಿನ ಇಆರ್‌ಎ ಕಂಪನಿಯ ಕಾರುಗಳ ಚರಿತ್ರೆ ಇನ್ನೂ ಅಚ್ಚುಕಟ್ಟು. ಸಯಾಮಿನ (ಇಂದಿನ ಥಾಯ್ಲೆಂಡ್) ರಾಜಕುಮಾರ ಬೀರಾ ಓಡಿಸಿದ ‘ರೋಮುಲಸ್’ ಎಂಬ ಕಾರೆಂದರೆ ಛಾಸಿ ನಂಬರು ಆರ್2ಬಿ ಎಂದು ಬಲ್ಲವರು ಇಂದಿಗೂ ನಂಬರು ಹಿಡಿದು ಹೇಳುತ್ತಾರೆ. ನಮ್ಮಲ್ಲಿ ಆ ನಂಬರಿಗೇ ಪುಟ್ಟಿ!

ಮೈಸೂರು, ಮಂಡ್ಯ ಭಾಗದ ಜನರಿಗೆ ಈ ಗಾಡಿಗಳ ಮೇಲೆ ಪ್ರೀತಿಯಿದೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ದಂಥ ಕಾರು ಸಂಗ್ರಹಾಲಯವೇ ಎದ್ದು ನಿಂತಿದೆ. ದಸರಾ ಸಮಯದಲ್ಲಿ ಹಳೆಯ ಕಾರುಗಳ ಪ್ರದರ್ಶನ ಏರ್ಪಡಿಸುವವರಿಗೆ ನನ್ನ ವಿನಂತಿ ಇಷ್ಟೇ: ಪ್ರತಿ ಕಾರಿನ ಮುಂದೆ ಛಾಸಿ ನಂಬರು, ಎಂಜಿನ್ ನಂಬರು, ಬಾಡಿ ಕಟ್ಟಿದವರು ಯಾರು, ಯಾವ ಭಾಗ ಯಾವಾಗ ಬದಲಾಯಿತು ಎಂಬುದನ್ನು ಬರೆಸಿ. ಬಿಡಿಭಾಗ ಸಿಗದೆ ಇಲ್ಲಿನ ಗ್ಯಾರೇಜಿನಲ್ಲಿ ಎರಕ ಹೊಯ್ದು, ಕಡೆದು ಕೂರಿಸಿದ್ದರೆ ಆ ಕೆಲಸಗಾರರ ಹೆಸರೂ ಅಲ್ಲಿರಲಿ. ಅದು ಕುಂದಲ್ಲ, ಆ ಕಾರಿನ ಚರಿತ್ರೆಯಲ್ಲಿ ನಮ್ಮ ಊರಿನ ಅಧ್ಯಾಯ.

ಮನೆಯಲ್ಲಿ ಅಜ್ಜನ ಕಾಲದ ಕಾರಿನ ಆರ್‌ಸಿ ಪುಸ್ತಕ, ಗ್ಯಾರೇಜಿನ ಬಿಲ್ಲು, ಫೋಟೊ ಇದ್ದವರು ದಯವಿಟ್ಟು ಗುಜರಿಗೆ ಹಾಕಬೇಡಿ. ಕಾರು ಕೈಬಿಟ್ಟು ಹೋಗಿದ್ದರೂ ಈಗಿನ ಮಾಲೀಕರನ್ನು ಹುಡುಕಿ, ಕಾಗದಗಳ ನಕಲನ್ನಾದರೂ ತಲುಪಿಸಿ.

– ನಿವೃತ್ತ ಟರ್ನರ್, ಬನ್ನಿಮಂಟಪ, ಮೈಸೂರು