ಟೋನರ್ ತುಂಬಲು ಬಂದಿದ್ದವರಿಗೆ

ಮಾರ್ಚ್ 31ರ ಸಂಜೆ, ಐದು ಗಂಟೆಗೆ ಹತ್ತು ನಿಮಿಷ ಬಾಕಿ. ಸಹಿಗೆ ಹೋಗಬೇಕಿದ್ದ ಬಿಲ್ಲುಗಳೆಲ್ಲ ನನ್ನ ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿದ್ದವು. ನಾಲ್ಕು ಹೆಜ್ಜೆ ದೂರದ ಪ್ರಿಂಟರ್ ಮಾತ್ರ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ಮೂರು ಸಲ ಆಫ್ ಮಾಡಿ ಆನ್ ಮಾಡಿದ್ದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಪಕ್ಕದ ವಿಭಾಗದ ಪ್ರಿಂಟರಿಗೆ ಟೋನರ್ ಪುಡಿ ತುಂಬಲು ಬಂದಿದ್ದ ನೀವು ನನ್ನ ಗೊಣಗಾಟ ಕೇಳಿ ಹತ್ತಿರ ಬಂದಿರಿ. ಕೀಬೋರ್ಡ್ ಮುಟ್ಟುವ ಮೊದಲು ಕರಿ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಕರವಸ್ತ್ರದಲ್ಲಿ ಒರೆಸಿಕೊಂಡಿರಿ. “ಪ್ರಿಂಟರ್ ತಾನಿದ್ದೇನೆಂದು ಕೂಗುತ್ತಲೇ ಇದೆ ಸರ್, ನಿಮ್ಮ ಕಂಪ್ಯೂಟರೇ ಕಿವಿ ಮುಚ್ಚಿಕೊಂಡಿದೆ” ಎಂದಿರಿ. ಕಂಪ್ಯೂಟರಿನ ಕಾವಲುಗಾರನಾದ ಫೈರ್‌ವಾಲ್‌ನಲ್ಲಿ ಆ ಕೂಗು ಒಳಬರುವ ಬಾಗಿಲು, ಯುಡಿಪಿ 5353, ಮುಚ್ಚಿತ್ತು. ಅದನ್ನು ಕೇಳಿಸಿಕೊಳ್ಳುವ ಅವಾಹಿ ಸೇವೆಯೂ ನಿಂತಿತ್ತು. ಒಂದನ್ನು ತೆರೆದು ಇನ್ನೊಂದನ್ನು ಚಾಲೂ ಮಾಡಿದಿರಿ, ಪಟ್ಟಿಯಲ್ಲಿ ಹೆಸರು ಮೂಡಿತು. ಬೆಚ್ಚಗೆ ಹೊರಬಂದ ಮೊದಲ ಹಾಳೆಯನ್ನು ನಾನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ನಮ್ಮ ವೈಫೈ ಬೇರೆ ಸಬ್‌ನೆಟ್‌ನಲ್ಲಿದೆ, ಅಂದರೆ ಜಾಲದ ಬೇರೊಂದು ಭಾಗದಲ್ಲಿದೆ, ಆ ಕೂಗು ಅಲ್ಲಿಗೆ ತಾನಾಗಿ ದಾಟುವುದಿಲ್ಲ ಎಂದು ಹೇಳಿ, ಅಲ್ಲಿಂದ ನೇರವಾಗಿ ಸೇರಿಸಿಕೊಳ್ಳಲೆಂದು ಪ್ರಿಂಟರಿನ ಐಪಿ ವಿಳಾಸವನ್ನು (ಜಾಲದಲ್ಲಿ ಅದರ ಸಂಖ್ಯೆಯನ್ನು) ಚೀಟಿಯಲ್ಲಿ ಬರೆದು ಅದರ ಮುಚ್ಚಳಕ್ಕೆ ಅಂಟಿಸಿ ಹೋದಿರಿ. ಗಡಿಬಿಡಿಯಲ್ಲಿ ಹೆಸರನ್ನೂ ಕೇಳಲಿಲ್ಲ. ಧನ್ಯವಾದ ಮೇಡಂ. ಚೀಟಿ ಇನ್ನೂ ಅಲ್ಲೇ ಇದೆ, ಅಂಚಿನಲ್ಲಿ ನಿಮ್ಮ ಹೆಬ್ಬೆರಳಿನ ಕರಿ ಗುರುತೂ ಇದೆ.